ಮುಖಗಳು ಒಳಗೆ ನೋಡಲಿ

ಮೇಸ್ತ್ರಿಗೆ ಇವತ್ತು ಜ್ವರ ಬರಲಿ ಎಂದು ಅವಳು ಬಸ್ಸಿನಲ್ಲಿ ಕುಳಿತು ಡೈರಿಯಲ್ಲಿ ಬರೆದಳು. ಬರೆದದ್ದನ್ನು ಓದಿ ಗಾಬರಿಯಾಗಿ ಹೊಡೆದುಹಾಕಿದಳು. ಅದರ ಕೆಳಗೆ, ಹೆಚ್ಚೇನೂ ಬೇಡ, ಒಂದು ದಿನದ ಜ್ವರ ಸಾಕು, ನಾಳೆಗೆ ಬಿಟ್ಟುಹೋಗುವಂಥದ್ದು, ಎಂದು ಸೇರಿಸಿದಳು. ಯಾರಾದರೂ ತನ್ನ ಕಾಲು ತುಳಿದರೆ ತಾನೇ ಕ್ಷಮೆ ಕೇಳುವ ಹುಡುಗಿ ಅವಳು. ಇನ್ನೊಬ್ಬರಿಗೆ ಕೆಡುಕಾಗಲಿ ಎಂದು ಬಯಸಿದ್ದು, ಅದನ್ನು ಕಾಗದದ ಮೇಲೂ ಇಳಿಸಿದ್ದು, ಇದೇ ಮೊದಲು.

ಜ್ವರ ಬಂದಿರಲಿಲ್ಲ. ಅವಳು ಪತ್ರಿಕಾ ಕಚೇರಿಯ ಮೆಟ್ಟಿಲು ಹತ್ತಿ ಬಂದಾಗ ಮೇಸ್ತ್ರಿ ಆಗಲೇ ತಮ್ಮ ಜಾಗದಲ್ಲಿ ಕುಳಿತು, ಕನ್ನಡಕವನ್ನು ಹಣೆಗೇರಿಸಿ, ಮೌಸಿನ ಅಡಿಗೆ ಮೆತ್ತಿದ ಧೂಳನ್ನು ಉಗುರಿನಿಂದ ಕೆರೆಯುತ್ತಿದ್ದರು. ಪಕ್ಕದ ಕುರ್ಚಿಯ ಮೇಲೆ ಅವಳಿಗೆಂದು ಒಂದು ಹಳೆಯ ದಿಂಬು ಇಟ್ಟಿದ್ದರು. ಆ ಕುರ್ಚಿ ಚುಚ್ಚುತ್ತದೆ ಎಂದು ಅವಳು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

"ಬಾಮ್ಮ, ಬಾ. ಇವತ್ತೇನೋ ನನಗೆ ಪರೀಕ್ಷೆಯಂತೆ," ಎಂದರು. "ಈ ವಯಸ್ಸಲ್ಲಿ ಫೇಲಾದ್ರೆ ಮನೇಲಿ ಬೈಯೋರೂ ಇಲ್ಲ. ಅದೊಂದು ಸಮಾಧಾನ."

ಅವಳು ನಕ್ಕಳು. ದಿಂಬಿನ ಮೇಲೆ ಕೂರದೆ ಅದನ್ನು ಮಡಿಲಲ್ಲಿ ಇಟ್ಟುಕೊಂಡಳು.

ಪತ್ರಿಕೆಯ ಒಂಬತ್ತನೆಯ ಪುಟ ಮೇಸ್ತ್ರಿಯದು. ನಿಧನದ ಸುದ್ದಿ, ಶ್ರದ್ಧಾಂಜಲಿ, ವರ್ಷದ ನೆನಪು. ದಿನಕ್ಕೆ ಇಪ್ಪತ್ತೋ ಮೂವತ್ತೋ ಮುಖಗಳು. ಇಪ್ಪತ್ತೆರಡು ವರ್ಷಗಳಿಂದ ಆ ಪುಟವನ್ನು ಅವರೇ ಕಟ್ಟುತ್ತ ಬಂದಿದ್ದರು. ಇಟ್ಟಿಗೆ ಇಟ್ಟ ಹಾಗೆ ಒಂದೊಂದೇ ಫೋಟೊವನ್ನು ಇಟ್ಟು, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆಂದು ಯಾರೋ ಮೇಸ್ತ್ರಿ ಎಂದು ಹೆಸರಿಟ್ಟರು. ಅಸಲಿ ಹೆಸರು ಈಗ ಸಂಬಳದ ವಿಭಾಗದವರಿಗೆ ಮಾತ್ರ ನೆನಪಿತ್ತು.

ಪುಟಗಳನ್ನು ತಾನಾಗಿಯೇ ಕಟ್ಟುವ ತಂತ್ರಾಂಶ ಬಂದದ್ದು ವರ್ಷದ ಹಿಂದೆ. ಬಂದ ದಿನ ಅದಕ್ಕೊಂದು ಸಮಾರಂಭವಾಯಿತು, ಅದಕ್ಕೆಂದೇ ತಂಪು ಯಂತ್ರದ ಕೋಣೆಯಾಯಿತು, ಅದು ಕೈಕೊಟ್ಟರೂ ಬೈಯುವವರಿಲ್ಲದಾಯಿತು. ಕರಡು ತಿದ್ದುವ ಅಕ್ಕ ಮೂರನೇ ದಿನಕ್ಕೇ ಅದಕ್ಕೆ 'ಅಳಿಯ' ಎಂದು ಹೆಸರಿಟ್ಟುಬಿಟ್ಟಳು. ಅಂದಿನಿಂದ ಬೆಳಿಗ್ಗೆ ಯಂತ್ರ ತೆರೆದುಕೊಳ್ಳಲು ತಡವಾದರೆ ಅಳಿಯಂದಿರು ಇನ್ನೂ ಎದ್ದಿಲ್ಲ, ಮಧ್ಯದಲ್ಲಿ ನಿಂತುಹೋದರೆ ಅಳಿಯಂದಿರಿಗೆ ಮುನಿಸು.

ಅಳಿಯ ಬೇರೆ ಪುಟಗಳನ್ನು ಕಟ್ಟಿಕೊಂಡು ಹೋಗುತ್ತಿತ್ತು. ಒಂಬತ್ತನೆಯದರಲ್ಲಿ ಮಾತ್ರ ಎಡವುತ್ತಿತ್ತು. ಮೊದಲ ಸಲ ಅದು ಮಾಡಿಕೊಟ್ಟ ಪುಟದಲ್ಲಿ ಗಂಡ ಹೆಂಡತಿ ಬೆನ್ನು ತಿರುಗಿಸಿ ಕುಳಿತಿದ್ದರು, ಒಬ್ಬ ತಾತನ ನೆತ್ತಿ ಹಾರಿಹೋಗಿತ್ತು, ನಗುತ್ತಿದ್ದ ಯುವಕನೊಬ್ಬನ ಮೂಗು ಸರಿಯಾಗಿ ಪತ್ರಿಕೆ ಮಡಿಸುವ ಗೆರೆಯ ಮೇಲೆ ಬಂದಿತ್ತು. ಮೇಸ್ತ್ರಿ ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಇವನಿಗೆ ಸತ್ತವರ ಮೇಲೆ ಏನೋ ಹಳೇ ಸಿಟ್ಟಿರಬೇಕು ಅಂದಿದ್ದರು.

ಆಮೇಲೆ ಅಳಿಯನ ಹೊಸ ಆವೃತ್ತಿ ಬಂತು. ಅದರಲ್ಲಿ ಬಂದ ಸೌಲಭ್ಯಗಳ ಪಟ್ಟಿಯನ್ನು ಸುದ್ದಿ ವಿಭಾಗದ ಮುಖ್ಯಸ್ಥೆ ಗೋಡೆಗೆ ಅಂಟಿಸಿದರು. ತಲೆಬರಹವನ್ನು ಜಾಗಕ್ಕೆ ತಕ್ಕಂತೆ ಹೊಂದಿಸುವುದು, ಫೋಟೊದಲ್ಲಿ ಮುಖ ಎಲ್ಲಿದೆ ಎಂದು ತಾನೇ ಹುಡುಕುವುದು, ಹೀಗೆ ಏನೇನೋ. ಕೊನೆಯದು: ನೀವು ಮಾತಾಡುವ ಭಾಷೆಯಲ್ಲೇ ನಿಯಮಗಳನ್ನು ಬರೆದುಕೊಡಿ, ಪುಟ ಅದರಂತೆ ಸಿದ್ಧವಾಗುತ್ತದೆ.

ಆ ವಾರವೇ ಮುಖ್ಯಸ್ಥೆ ಅವಳನ್ನು ಒಳಗೆ ಕರೆದರು. ಕೆಲಸಕ್ಕೆ ಸೇರಿ ಆಗಿನ್ನೂ ಎರಡು ತಿಂಗಳು, ಕಾಯಂ ಆಗಿರಲಿಲ್ಲ. ಮುಖ್ಯಸ್ಥೆಯ ಮುಂದೆ ಅವಳ ಅರ್ಜಿ ಇತ್ತು.

"ಹವ್ಯಾಸ ಅನ್ನೋ ಕಡೆ ಡೈರಿ ಬರೆಯೋದು ಅಂತ ಹಾಕಿದ್ದೀಯ. ಒಳ್ಳೇದಾಯ್ತು. ಮೇಸ್ತ್ರಿ ಪಕ್ಕ ಕೂತ್ಕೊ. ಏನು ಮಾಡ್ತಾರೆ, ಯಾಕೆ ಮಾಡ್ತಾರೆ, ದಿನಾ ಬರೆದು ನನಗೆ ಕೊಡು," ಎಂದರು. ಅವಳು ಬಾಗಿಲ ತನಕ ಹೋದ ಮೇಲೆ ಮತ್ತೆ ಕರೆದು, "ಅವರಿಗೆ ಹೇಳೋದು ಬೇಡ. ಯಾರೋ ನೋಡ್ತಿದ್ದಾರೆ ಅಂತ ಗೊತ್ತಾದ್ರೆ ಮನುಷ್ಯ ನಡೆಯೋ ಹಾಗೆ ನಡೆಯಲ್ಲ," ಎಂದರು.

ಮೇಸ್ತ್ರಿಗೆ ಅವಳು ಶಿಷ್ಯೆ. ಇಷ್ಟು ವರ್ಷದಲ್ಲಿ ಯಾರೂ ಈ ಪುಟ ಕಲಿಯುತ್ತೇನೆಂದು ಬಂದಿರಲಿಲ್ಲ. ಸಾವಿನ ಪುಟ ಯಾರಿಗೆ ಬೇಕು ಎನ್ನುತ್ತ ಅವರು ಮೊದಮೊದಲು ಬಿಗುಮಾನ ಮಾಡಿದರು. ನಾಲ್ಕು ದಿನ ಕಳೆಯುವುದರೊಳಗೆ ಕೈಯ ಜೊತೆಗೆ ಬಾಯಿಯೂ ಓಡತೊಡಗಿತು. ಎಡ ಅಂಚಿನಲ್ಲಿರುವವರು ಬಲಕ್ಕೆ, ಬಲ ಅಂಚಿನವರು ಎಡಕ್ಕೆ ನೋಡಬೇಕು. ಮಡಿಕೆ ಯಾರ ಮುಖದ ಮೇಲೂ ಬೀಳಬಾರದು. ಮನೆಯವರು ಆ ಪುಟವನ್ನು ಮಡಿಸಿ ಇಟ್ಟುಕೊಳ್ಳುತ್ತಾರೆ. ಸಣ್ಣ ವಯಸ್ಸಿನವರನ್ನು ಮೂಲೆಗೆ ಹಾಕಕೂಡದು, ನಡುವೆ ಇಟ್ಟು ಸುತ್ತ ವಯಸ್ಸಾದವರನ್ನು ಕೂರಿಸಬೇಕು. ಯಾಕೆಂದು ಅವಳು ಕೇಳಿದಳು. ಮೇಸ್ತ್ರಿ ಇನ್ನೊಂದು ಫೋಟೊ ಇಟ್ಟು, ಗೊತ್ತಿಲ್ಲದ ಊರಿಗೆ ಹೊಸದಾಗಿ ಹೋದ ಮಗು ಅಲ್ವೇನಮ್ಮ, ಎಂದರು.

ಅವಳು ಅದನ್ನೆಲ್ಲ ಬರೆದಳು. ಸಂಜೆ ಮುಖ್ಯಸ್ಥೆಗೆ ಕೊಟ್ಟಳು. ಮನೆಯಲ್ಲಿ ಅಮ್ಮ ಕೇಳಿದರೆ ಪುಟ ಕಟ್ಟುವುದನ್ನು ಕಲಿಯುತ್ತಿದ್ದೇನೆ ಎಂದಳು. ಅದು ಸುಳ್ಳಾಗಿರಲಿಲ್ಲ. ಆದರೂ ಹಾಗೆ ಹೇಳುವಾಗ ತಟ್ಟೆಯನ್ನೇ ನೋಡಿಕೊಂಡು ಹೇಳಿದಳು.

ಒಂದು ಮಧ್ಯಾಹ್ನ ಮುಖ್ಯಸ್ಥೆ ತಮ್ಮ ಪರದೆಯಲ್ಲಿ ನಿಯಮಗಳ ಪಟ್ಟಿ ತೆರೆದು ತೋರಿಸಿದರು. 'ಮುಖಗಳು ಒಳಗೆ ನೋಡಲಿ.' ಅವಳದೇ ವಾಕ್ಯ, ಅಕ್ಷರವೂ ಬದಲಾಗಿರಲಿಲ್ಲ. ಅದರ ಕೆಳಗೆ ಇನ್ನೂ ನಲವತ್ತೊಂದು. ಪದವಿ ಮುಗಿಸಿದಾಗಿನಿಂದ ಅವಳು ನಾಲ್ಕು ಕಡೆಗೆ ಕವಿತೆ ಕಳಿಸಿದ್ದಳು, ಒಂದೂ ಅಚ್ಚಾಗಿರಲಿಲ್ಲ. ಪರದೆಯ ಮೇಲೆ ತನ್ನ ಮಾತು ಮಿನುಗುವುದನ್ನು ಕಂಡಾಗ ಎದೆಯೊಳಗೆ ಏನೋ ಹಿಗ್ಗಿತು. ಹಿಗ್ಗಿದ್ದಕ್ಕೆ ತನ್ನ ಮೇಲೇ ಅಸಹ್ಯವಾಗಿ ಆ ದಿನ ಊಟ ಸೇರಲಿಲ್ಲ. ಅಂದೇ ಮುಖ್ಯಸ್ಥೆ ಉಳಿದದ್ದನ್ನೂ ಹೇಳಿದ್ದರು: ಅಳಿಯ ಪರೀಕ್ಷೆಯಲ್ಲಿ ಗೆದ್ದರೆ ಒಂಬತ್ತನೆಯ ಪುಟ ಅದಕ್ಕೆ, ಅದನ್ನು ನೋಡಿಕೊಳ್ಳುವ ಕಾಯಂ ಕೆಲಸ ಇವಳಿಗೆ, ಮೇಸ್ತ್ರಿ ಮೇಲಿನ ಮಹಡಿಯ ಹಳೆ ಸಂಚಿಕೆಗಳ ಕೋಣೆಗೆ.

ಇವತ್ತು ಆ ಪರೀಕ್ಷೆ.

ಹನ್ನೊಂದಕ್ಕೆ ಎಲ್ಲರೂ ಸಭೆಯ ಕೋಣೆಯಲ್ಲಿ ಸೇರಿದರು. ಹಲಗೆಯ ಮೇಲೆ ಎರಡು ಪುಟಗಳನ್ನು ಅಕ್ಕಪಕ್ಕ ಚುಚ್ಚಿದ್ದರು. ಕಳೆದ ತಿಂಗಳ ಯಾವುದೋ ಮಂಗಳವಾರದ ಸುದ್ದಿ, ಅವೇ ಮುಖಗಳು, ಅವೇ ಮಾತುಗಳು. ಒಂದು ಅಂದು ಮೇಸ್ತ್ರಿ ಕಟ್ಟಿ ಅಚ್ಚಾದದ್ದು, ಇನ್ನೊಂದು ಈಗ ಅಳಿಯ ಕಟ್ಟಿದ್ದು. ಯಾವುದು ಯಾರದೆಂದು ಹೇಳಬೇಕು, ತಪ್ಪಿದರೆ ಅಳಿಯ ಗೆದ್ದಂತೆ. ಕರಡಿನ ಅಕ್ಕ, ಹೆಣ್ಣು ಕೊಟ್ಟ ಮಾವನೇ ಮೊದಲು ಹೇಳಲಿ ಎಂದು ಮೇಸ್ತ್ರಿಯನ್ನು ಮುಂದೆ ತಳ್ಳಿದಳು.

ಅವಳಿಗೆ ಬಾಗಿಲಲ್ಲೇ ಗೊತ್ತಾಗಿಹೋಗಿತ್ತು. ಆ ಮಂಗಳವಾರ ಮೇಸ್ತ್ರಿಗೆ ಹಲ್ಲುನೋವು. ಕೆನ್ನೆ ಊದಿ, ಒಂದು ಕೈಯಲ್ಲಿ ದವಡೆ ಹಿಡಿದುಕೊಂಡು ಇನ್ನೊಂದರಲ್ಲೇ ಪುಟ ಕಟ್ಟಿದ್ದರು. ಎಡ ಅಂಚಿನಲ್ಲಿ ಪಟ್ಟೆ ಶಾಲಿನ ಅಜ್ಜಿಯೊಬ್ಬರು ಹೊರಗೆ ಮುಖ ಮಾಡಿ ಕುಳಿತದ್ದನ್ನು ಅವಳು ಅಂದೇ ಕಂಡಿದ್ದಳು. ಹೇಳಬೇಕೆಂದು ಬಾಯಿಯವರೆಗೂ ಬಂದಿತ್ತು. ನೋವಿನಲ್ಲಿರುವವರನ್ನು ತಿದ್ದುವುದು ಹೇಗೆಂದು ತಿಳಿಯದೆ ಸುಮ್ಮನಾಗಿದ್ದಳು. ಈಗ ಅದೇ ಅಜ್ಜಿ ಹಲಗೆಯ ಎಡಗಡೆಯ ಪುಟದಿಂದ ಕಿಟಕಿಯ ಕಡೆ ನೋಡುತ್ತಿದ್ದರು. ಬಲಗಡೆಯ ಪುಟದಲ್ಲಿ ಎಲ್ಲರೂ ಒಳಗೆ ನೋಡುತ್ತಿದ್ದರು.

ಅವಳು ಕುಡಿಯುವ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಿ ತೆಗೆದಳು, ಮತ್ತೆ ಹಾಕಿದಳು. ಒಮ್ಮೆ ತನ್ನ ಕಡೆ ತಿರುಗಿ ನೋಡಿದರೆ ಸಾಕು, ಕಣ್ಣಲ್ಲೇ ಸನ್ನೆ ಮಾಡಬಹುದು. ಮೇಸ್ತ್ರಿ ಯಾರ ಕಡೆಯೂ ನೋಡಲಿಲ್ಲ. ಕನ್ನಡಕ ಇಳಿಸಿಕೊಂಡು ಹಲಗೆಯ ಹತ್ತಿರ ಹೋದರು. ಹಿಂದೆ ಸರಿದರು. ಒಂದು ಕಣ್ಣು ಮುಚ್ಚಿದರು. ಆಮೇಲೆ ಬಲಗಡೆಯ ಪುಟದ ಮೇಲೆ ಅಂಗೈಯನ್ನು ಪೂರ್ತಿ ಇಟ್ಟರು.

"ಇದು ನಂದು."

ವಿವರಣೆ ಬೇಕೇನೋ ಅಂದುಕೊಂಡು ಅವರೇ ಮುಂದುವರಿಸಿದರು. "ಎಡಗಡೇದು ಅಳಿಯಂದು. ಚೆನ್ನಾಗೇ ಮಾಡಿದ್ದಾನೆ, ಸುಳ್ಳು ಹೇಳಬಾರದು. ಆದ್ರೆ ಈ ಅಜ್ಜಿ ನೋಡಿ. ಅಂಚಲ್ಲಿ ಕೂರಿಸಿ ಆಚೆ ಮುಖ ಮಾಡಿಸಿದ್ದಾನೆ. ಮನೆಯಿಂದ ಹೊರಗೆ ಹಾಕಿದ ಹಾಗಿದೆ. ಅದು ನನ್ನ ಕೈಯಲ್ಲಿ ಬರಲ್ಲ."

ಮುಖ್ಯಸ್ಥೆ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಇಟ್ಟರು. ಅವರಿಗೂ ಇದು ಬೇಕಿರಲಿಲ್ಲ ಎಂದು ಅವಳಿಗೆ ಅನ್ನಿಸಿತು. "ಮೇಸ್ತ್ರಿಯವರೇ, ಎಡಗಡೇದು ನಿಮ್ಮದು," ಎಂದು ಮೆಲ್ಲಗೆ ಹೇಳಿದರು.

ಮೇಸ್ತ್ರಿ ಮೊದಲು ನಕ್ಕರು. ಬೇರೆ ಯಾರೂ ನಗದಿದ್ದಾಗ ಎಡಗಡೆಯ ಪುಟದ ಹತ್ತಿರ ಹೋಗಿ ಅಜ್ಜಿಯ ಫೋಟೊವನ್ನು ಬೆರಳ ತುದಿಯಿಂದ ಮುಟ್ಟಿದರು, ತೊಡೆದರೆ ಹೋಗುವ ಕಲೆಯೇನೋ ಎಂಬ ಹಾಗೆ. ಹಲ್ಲುನೋವಿತ್ತು ಎಂದು ಅವರು ಹೇಳಲಿಲ್ಲ. ಯಾವ ಮಂಗಳವಾರ ಎಂಬುದು ಅವರಿಗೆ ನೆನಪಿದ್ದಂತೆಯೂ ಇರಲಿಲ್ಲ. ನೆನಪಿದ್ದವಳು ಬಾಟಲಿಯ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿದಳು.

ಕೊನೆಗೆ ಅವರು ಕೇಳಿದ್ದು ಒಂದೇ. ಇದೆಲ್ಲ ಅದಕ್ಕೆ ಹೇಗೆ ಗೊತ್ತಾಯಿತು?

ಹಳೆಯ ಪುಟಗಳನ್ನೆಲ್ಲ ಓದಿ ತಾನಾಗಿಯೇ ಕಲಿತುಕೊಳ್ಳುತ್ತದೆ, ಹೊಸ ಸೌಲಭ್ಯ ಅದು, ಎಂದರು ಮುಖ್ಯಸ್ಥೆ. ಹೇಳುವಾಗ ಅವಳ ಕಡೆ ಕಣ್ಣು ಹಾಯಿಸಲಿಲ್ಲ. ಸೋಮವಾರದಿಂದ ಮೇಲಿನ ಮಹಡಿ, ಗಾಳಿ ಬೆಳಕು ಚೆನ್ನಾಗಿದೆ, ಕೆಲಸದ ಒತ್ತಡವೂ ಇಲ್ಲ, ಎಂಬ ಮಾತುಗಳನ್ನು ಅವರು ಒಂದೊಂದಾಗಿ ಹೇಳಿ ಮುಗಿಸಿದರು. ಅಳಿಯನ ಮುಂದೆ ಮಾವ ಸೋತರೆ ಅವಮಾನವೇನಿಲ್ಲ ಬಿಡಿ ಎಂದು ಕರಡಿನ ಅಕ್ಕ ತಮಾಷೆ ಮಾಡಲು ಹೋಗಿ, ಅರ್ಧದಲ್ಲೇ ಬಿಟ್ಟು, ಮೂಗು ಒರೆಸಿಕೊಂಡಳು.

ಸೋಮವಾರಕ್ಕೆ ಇನ್ನೂ ಮೂರು ದಿನವಿತ್ತು. ಇವತ್ತಿನ ಪುಟ ಇವತ್ತೇ ಆಗಬೇಕು, ನಾಲ್ಕು ಗಂಟೆಯ ಒಳಗೆ. ಮೇಸ್ತ್ರಿ ಬಂದು ಕುಳಿತರು. ಇಪ್ಪತ್ತಾರು ಫೋಟೊಗಳು ಬಂದಿದ್ದವು. ಅವರು ಎಂದಿನಂತೆ ಒಂದೊಂದನ್ನೇ ತೆರೆದು, ಹೆಸರನ್ನು ತುಟಿಯಲ್ಲೇ ಓದಿಕೊಂಡು, ಪಕ್ಕಕ್ಕೆ ಸರಿಸತೊಡಗಿದರು. ಅವಳು ಮಡಿಲಲ್ಲಿ ಪುಸ್ತಕ ಬಿಚ್ಚಿಕೊಂಡು ಕುಳಿತಳು. ಬರೆಯಲು ಏನೂ ಉಳಿದಿರಲಿಲ್ಲ. ಹಾಳೆಯ ಮೂಲೆಯನ್ನು ಮಡಿಸಿ ಬಿಚ್ಚಿ ಮಡಿಸಿ ಬಿಚ್ಚಿ ಅದು ಹರಿದೇ ಬಂತು.

ಮೇಸ್ತ್ರಿ ಒಂದೂವರೆ ಕಾಲಂ ತುಂಬಿಸಿದರು. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ, ಅವಳ ಕಾಯಂ ವಿಷಯ ಏನಾಯಿತೆಂದು ಕೇಳಿದರು. ಆಗಬಹುದು ಎಂದಳು. ಅವರಿಗೆ ನಿಜವಾಗಿಯೂ ಸಂತೋಷವಾಯಿತು. ಇನ್ನೊಂದು ಪುಟ ಕಲಿತುಕೋ, ಇದೊಂದನ್ನೇ ನಂಬಬೇಡ, ಎಂದು ಬುದ್ಧಿ ಹೇಳಿದರು. ಅವಳಿಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಹರಿದ ಹಾಳೆಯ ಚೂರನ್ನು ಪುಸ್ತಕದೊಳಗೆ ಇಟ್ಟು ಕುಳಿತೇ ಇದ್ದಳು.

"ಒಂದು ಮಾತು ಹೇಳ್ತೀನಿ, ನಗಬೇಡ," ಎಂದರು ಮೇಸ್ತ್ರಿ. ಒಬ್ಬ ಹೆಂಗಸಿನ ಫೋಟೊವನ್ನು ಹಿಡಿದು ಜಾಗ ಹುಡುಕುತ್ತಿದ್ದರು. "ಈ ಪುಟ ಹೆಂಗಿದೆ ಅಂತ ಇಷ್ಟು ವರ್ಷದಲ್ಲಿ ಯಾರೂ ನನ್ನ ಕೇಳಿದ್ದಿಲ್ಲ. ಹೆಸರು ತಪ್ಪಾದಾಗ ಫೋನು ಬರೋದು, ಅಷ್ಟೆ. ನಾನು ಎಲ್ಲಿ ಯಾರನ್ನ ಕೂರಿಸ್ತೀನಿ ಅನ್ನೋದು ಯಾರ ಕಣ್ಣಿಗೂ ಬೀಳಲ್ಲ ಅಂದ್ಕೊಂಡಿದ್ದೆ. ಈಗ ನೋಡು, ಎಲ್ಲಾ ಪುಟ ತಿರುವಿ ಹಾಕಿ ಕಂಡುಹಿಡಿದಿದೆ ಅಂದ್ರೆ... ಒಂದು ಯಂತ್ರಕ್ಕಾದ್ರೂ ಕಾಣಿಸ್ತಲ್ಲಮ್ಮ."

ಹಾಗೆ ಹೇಳಿ ಅವರು ಮುಗುಳ್ನಕ್ಕರು. ಬೆಳಗಿನಿಂದ ಮೊದಲ ಸಲ ಅವರ ಭುಜ ಸಡಿಲವಾಗಿತ್ತು. ಇದನ್ನೂ ಕಿತ್ತುಕೊಂಡರೆ ಅವರಿಗೆ ಏನು ಉಳಿಯುತ್ತದೆ ಎಂದು ಅವಳು ಯೋಚಿಸಿದಳು. ಸುಮ್ಮನಿದ್ದರೆ ಸೋಮವಾರ ಬರುತ್ತದೆ, ಅವರು ಮೇಲಕ್ಕೆ ಹೋಗುತ್ತಾರೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ, ತಾನು ಡೈರಿಯಲ್ಲಿ ಬರೆದುಕೊಳ್ಳಬಹುದು. ಆಚೆಯ ಮೇಜಿನಲ್ಲಿ ಯಾರೋ ಫೋನಿನಲ್ಲಿ ಹೆಸರೊಂದನ್ನು ಅಕ್ಷರ ಬಿಡಿಸಿ ಹೇಳುತ್ತಿದ್ದರು. ಅವರು ಮುಗಿಸುವ ತನಕ ಕಾಯೋಣ ಎಂದುಕೊಂಡಳು. ಅವರು ಮುಗಿಸಿದರು.

"ಅದಕ್ಕೇನೂ ಕಾಣಿಸಲಿಲ್ಲ," ಎಂದಳು. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೆ ತಿಳಿದಿರಲಿಲ್ಲ. "ಕಂಡಿದ್ದು ನನಗೆ. ದಿನಾ ಬರೆದು ಮೇಡಂಗೆ ಕೊಟ್ಟಿದ್ದೂ ನಾನೇ."

ಮೇಸ್ತ್ರಿಯ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಪರದೆಯಲ್ಲಿ ಆ ಹೆಂಗಸಿನ ಫೋಟೊ ಎರಡು ಕಾಲಂಗಳ ನಡುವೆ, ಇನ್ನೂ ಎಲ್ಲೂ ಇಳಿಯದೆ, ನೇರವಾಗಿ ಅವರಿಬ್ಬರನ್ನೂ ನೋಡುತ್ತಿತ್ತು.