ಎರಡು ಶಾರ್ಕ್, ಒಂದು ಬೆನ್ನು

ಮ್ಯೂಸಿಯಂನ ಹಿಂದಿನ ಶೆಡ್ಡಿನಲ್ಲಿ ನಾನೂ ತಂಗಿಯೂ ಎರಡು ಫೈಬರ್ ಶಾರ್ಕ್‌ಗಳಿಗೆ ಬಣ್ಣ ಹಚ್ಚುತ್ತಿದ್ದೆವು. ಅವು ಸೂರಿನಿಂದ ಹಗ್ಗದಲ್ಲಿ ಮೆಲ್ಲಗೆ ತೂಗುತ್ತಿದ್ದವು. ಕಿಟಕಿಯ ಹಸಿರು ಗಾಜಿನಿಂದ ಬಿಸಿಲು ಇಳಿದು, ಇಡೀ ಶೆಡ್ಡೇ ನೀರಿನಡಿ ಇದ್ದಂತಿತ್ತು.

ಎರಡಕ್ಕೂ ಊರು ನುಂಗುವಷ್ಟು ಬಾಯಿ, ತಿನ್ನುವುದು ಮಾತ್ರ ಸಾಸಿವೆ ಕಾಳಿನಂಥ ಜೀವಿಗಳನ್ನು. ಎರಡೂ ಕಡಲಿನಲ್ಲಿ ಕಡಿಮೆಯಾಗುತ್ತಿವೆ. ತಂಗಿಯ ಪಾಲಿಗೆ ಬಂದ ಬಾಸ್ಕಿಂಗ್ ಶಾರ್ಕ್ ತಣ್ಣೀರಿನದು; ಮೈಯೆಲ್ಲ ಬರಿಯ ಬೂದು, ಕತ್ತಿನ ಸುತ್ತ ಉದ್ದುದ್ದ ಕಿವಿರು. ನನ್ನದು ಬೆಚ್ಚನೆಯ ನೀರಿನ ತಿಮಿಂಗಿಲ ಶಾರ್ಕ್. ಬೆನ್ನ ತುಂಬ ಬಿಳಿ ಚುಕ್ಕಿ. ಫೋಟೊ ನೋಡಿ ನೋಡಿ ಇಡುವ ತಾಳ್ಮೆ ನನಗಿಲ್ಲ. ಕುಂಚ ಹೋದಲ್ಲಿ ಇಟ್ಟೆ. ಕೈ ಎಲ್ಲೂ ತಡವರಿಸಲಿಲ್ಲ.

ಪರಿಶೀಲನೆಗೆ ಬಂದ ಮೀನುತಜ್ಞೆ ಬೂದು ಶಾರ್ಕನ್ನು ಒಪ್ಪಿದರು. ನನ್ನದರ ಮುಂದೆ ನಿಂತುಬಿಟ್ಟರು.

"ಒಂದೊಂದರ ಚುಕ್ಕಿನೂ ಬೇರೆ ಬೇರೆ ಇರುತ್ತೆ. ಅದನ್ನ ನೋಡೇ ನಾವು ಗುರುತು ಹಿಡಿಯೋದು. ಇದು ಯಾವುದನ್ನ ನೋಡಿ ಮಾಡಿದ್ದು?"

"ಚುಕ್ಕಿ ಅಂದ್ರೆ ಚುಕ್ಕಿ ಮೇಡಂ. ಅದಕ್ಕೂ ವಿಳಾಸ ಇರುತ್ತಾ?" ಎಂದು ರೇಗಿದೆ.

ತಂಗಿ ಏಣಿಯಿಂದ ಇಳಿದು ಬಂದಳು. ಎಡಗಡೆ ಮೇಲೆ ಮೂರು, ನಡುವೆ ಓರೆಯಾಗಿ ಐದು ಎಂದು ಬೆರಳಿಟ್ಟು ಎಣಿಸಿದಳು. ಆಗ ನನಗೂ ಕಂಡಿತು. ಅಮ್ಮ ತೀರಿಹೋಗುವವರೆಗೂ ನಾವಿಬ್ಬರು ಸರದಿಯ ಮೇಲೆ ಉಜ್ಜಿದ ಅವಳ ಬೆನ್ನಿನ ಮಚ್ಚೆಗಳು ಅವು.

"ಗುರುತು ಸಿಕ್ತಾ? ಎಲ್ಲಿ ನೋಡಿದ್ರಿ ಇದನ್ನ?" ತಜ್ಞೆ ಪೆನ್ನು ತೆಗೆದರು.

"ಬಚ್ಚಲಮನೇಲಿ," ಎಂದಳು ತಂಗಿ.