ಹೆಬ್ಬೆರಳು ಮೇಲೋ, ಕೆಳಗೋ

ಬೆಳಗ್ಗೆ ಆರೂವರೆಗೆ, ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ್ದ ಅಣ್ಣ ಬಚ್ಚಲಲ್ಲಿ ಬಿದ್ದ. ಹಣೆ ನಲ್ಲಿಗೆ ಬಡಿದು ಸೀಳಿತು. ಸದ್ದು ಕೇಳಿ ಓಡಿಬಂದ ತಂಗಿ, ಅವನನ್ನು ಎತ್ತುವ ಮೊದಲು ಬಗ್ಗಿ ಅವನ ಬಾಯಿ ಮೂಸಿದಳು.

ಸೋಪಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ.

"ಏನಾದ್ರೂ ಸಿಕ್ತಾ ಟೀಚರಮ್ಮ?" ಅಣ್ಣ ಬಿದ್ದಲ್ಲಿಂದಲೇ ಕೇಳಿದ. ಒಂದು ಕಣ್ಣಿಗೆ ಸೋಪು ಇಳಿದಿತ್ತು, ಇನ್ನೊಂದಕ್ಕೆ ರಕ್ತ. "ಭೂಮಿ ತಿರುಗುತ್ತೆ ಅಂತ ನೀನೇ ಪಾಠ ಮಾಡ್ತೀಯಲ್ಲ, ಸ್ವಲ್ಪ ಜೊತೆಗೆ ತಿರುಗಿದೆ ಅಷ್ಟೇ."

ಅವಳಿಗೆ ನಗು ಬರಲಿಲ್ಲ. ಟವೆಲ್ ಒತ್ತಿ ಹಿಡಿದು ಅವನನ್ನು ಆಟೋದಲ್ಲಿ ಕೂರಿಸಿದಳು. ವಾಸನೆ ಬಾರದ ಮದ್ಯವೂ ಇರುತ್ತದೆಯಂತೆ ಎಂದು ದಾರಿಯುದ್ದಕ್ಕೂ ಯೋಚಿಸುತ್ತಲೇ ಇದ್ದಳು.

ಹಾಗೆ ಯೋಚಿಸಲು ಅವಳಿಗೆ ಕಾರಣಗಳಿದ್ದವು. ಅಣ್ಣ ಒಂದು ಕಾಲಕ್ಕೆ ಚೆನ್ನಾಗಿಯೇ ಕುಡಿಯುತ್ತಿದ್ದ. ಹೊಟ್ಟೆಯ ಹುಣ್ಣು ಒಡೆದು, ಜಠರದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆದ ಮೇಲೆ ಬಿಟ್ಟಿದ್ದ. ಅದಾಗಿ ಎಂಟು ವರ್ಷ. ಅಂದಿನಿಂದ ತಂಗಿಯ ಮನೆಯಲ್ಲೇ ಇದ್ದು, ಒಂದು ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸುವ ಕೆಲಸ ಮಾಡುತ್ತಿದ್ದ. ಅಲ್ಲಿನವರು ಅವನನ್ನು ಬ್ಯಾಟರಿ ಅಣ್ಣ ಎನ್ನುತ್ತಿದ್ದರು. ಹೋದ ವರ್ಷದಿಂದ ಅವನ ನಡಿಗೆ ಕೆಟ್ಟಿತ್ತು. ಕಾಲು ಅಗಲಿಸಿ, ಪಾದ ಎತ್ತಿ ಎತ್ತಿ ಬಡಿದು ನಡೆಯುತ್ತಿದ್ದ. ಸಂಜೆಯಾದರೆ ಗೋಡೆ ಹಿಡಿಯುತ್ತಿದ್ದ. ಪಾದ ಜೋಮು ಹಿಡಿದ ಹಾಗಿರುತ್ತದೆ, ಹತ್ತಿಯ ಮೇಲೆ ನಿಂತ ಹಾಗಿರುತ್ತದೆ ಎಂದು ಒಮ್ಮೆ ತಂಗಿಗೆ ಹೇಳಿಯೂ ಇದ್ದ. "ಕುಡಿದ ಕಾಲು ಮತ್ತೆ ಹೇಗಿರುತ್ತೆ?" ಎಂದಿದ್ದಳು ಅವಳು.

ಕಳೆದ ತಿಂಗಳು, ಸಿನಿಮಾ ನಡೆಯುತ್ತಿರುವಾಗ ಅವನು ಮೆಟ್ಟಿಲ ಮೇಲೆ ಆಯತಪ್ಪಿ ಒಬ್ಬ ಹೆಂಗಸಿನ ಮಡಿಲಿಗೇ ಬಿದ್ದ. ದೊಡ್ಡ ಗಲಾಟೆಯಾಯಿತು. ಮ್ಯಾನೇಜರ್ ಮರುದಿನ ತಂಗಿಗೆ ಫೋನ್ ಮಾಡಿದ. "ನೀವು ಸೈನ್ಸ್ ಟೀಚರ್ರು, ನಿಮ್ಮ ಮಾತು ಅಂದ್ರೆ ಮಾತು. ಮತ್ತೆ ಶುರು ಹಚ್ಕೊಂಡಿದಾನಾ?"

"ಹಚ್ಕೊಂಡಿದಾನೆ" ಎಂದಿದ್ದಳು.

ಆ ವಾರವೇ ಅಣ್ಣನ ಕೆಲಸ ಹೋಯಿತು. ಹೋಗಲು ಏನು ಕಾರಣ ಎಂದು ಅವನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಅವಳೂ ಕೇಳಲಿಲ್ಲ.

ದವಾಖಾನೆಯಲ್ಲಿ ಡಾಕ್ಟರಮ್ಮ ಹಣೆಗೆ ಹೊಲಿಗೆ ಹಾಕುತ್ತ, ಹೇಗೆ ಬಿದ್ದಿರಿ ಎಂದು ಕೇಳಿದರು. ಅಣ್ಣ ಹೇಳಿದ.

"ಮುಖ ತೊಳೆಯೋವಾಗಲೇ ಬೀಳೋದಾ? ಕಣ್ಣು ಮುಚ್ಚಿದಾಗ?"

"ಕಣ್ಣು ಬಿಟ್ಟಿದ್ರೆ ನೆಲ ಕಾಣುತ್ತೆ, ಹೇಗೋ ಸಂಭಾಳಿಸ್ತೀನಿ. ಮುಚ್ಚಿದ್ರೆ ನೆಲ ಎಲ್ಲೋ, ನಾನೆಲ್ಲೋ."

ಡಾಕ್ಟರಮ್ಮ ಕತ್ತರಿ ಕೆಳಗಿಟ್ಟು ಅವನನ್ನು ಗೋಡೆಯ ಪಕ್ಕ ನಿಲ್ಲಿಸಿದರು. ಪಾದಗಳನ್ನು ಜೋಡಿಸಿ ಕಣ್ಣು ಮುಚ್ಚಲು ಹೇಳಿದರು. ಮುಚ್ಚಿದ್ದೇ ತಡ, ಅಣ್ಣ ಕಡಿದ ಮರದಂತೆ ವಾಲಿದ. ಡಾಕ್ಟರಮ್ಮ ಎರಡೂ ಕೈ ಚಾಚಿಕೊಂಡೇ ನಿಂತಿದ್ದರು, ಹಿಡಿದರು. ಆಮೇಲೆ ಮಂಚದ ಮೇಲೆ ಮಲಗಿಸಿ, ಅವನ ಕಾಲಿನ ಹೆಬ್ಬೆರಳನ್ನು ಎರಡೂ ಪಕ್ಕದಿಂದ ಹಿಡಿದುಕೊಂಡರು.

"ಕಣ್ಣು ಬಿಡಬೇಡಿ. ಬೆರಳು ಮೇಲಿದೆಯೋ, ಕೆಳಗಿದೆಯೋ ಹೇಳಿ."

ಬೆರಳನ್ನು ಕೆಳಗೆ ಬಾಗಿಸಿದರು. "ಮೇಲೆ" ಎಂದ ಅಣ್ಣ, ಖಚಿತವಾಗಿ. ಮೇಲೆತ್ತಿದರು. ಅವನು ತಡೆದ. ಹುಬ್ಬು ಗಂಟಿಕ್ಕಿತು. ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗ ಟೀಚರ್ ಮುಖ ನೋಡಿ ಅಂದಾಜು ಮಾಡುವಂತೆ, ಆದರೆ ನೋಡಲು ಮುಖವೂ ಇಲ್ಲದೆ, "ಮೇಲೇನೇ... ಅಲ್ಲ, ನೀವಿನ್ನೂ ಮುಟ್ಟೇ ಇಲ್ಲ ಅಲ್ವಾ?" ಎಂದ.

ತಂಗಿ ಸ್ಟೂಲಿನ ಅಂಚಿಗೆ ಸರಿದು ಕೂತಳು. ಇದು ಅವಳಿಗೆ ಗೊತ್ತಿದ್ದ ವಿಷಯ. ನರ ಅಂಗಾಂಶದ ಪಾಠವನ್ನು ಅವಳು ಇಪ್ಪತ್ತೆರಡು ಬಾರಿ ಮಾಡಿದ್ದಳು. ನರಕೋಶದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ: ಪ್ರತಿ ವರ್ಷ ಬರುವ ಪ್ರಶ್ನೆ. ಕೋಶಕಾಯ, ಅದರಿಂದ ಕವಲೊಡೆಯುವ ಡೆಂಡ್ರೈಟುಗಳು, ಉದ್ದನೆಯ ಆಕ್ಸಾನ್, ಅದರ ಮೇಲೆ ತುಂಡು ತುಂಡಾಗಿ ಸುತ್ತಿದ ಮೈಲಿನ್ ಹೊದಿಕೆ. ಅವಳ ಮಕ್ಕಳು ಅದರಲ್ಲಿ ಅಂಕ ಕಳೆದುಕೊಂಡದ್ದಿಲ್ಲ. ಚಿತ್ರದ ಕೆಳಗೆ ಒಂದು ಪ್ಯಾರಾ ಇತ್ತು. ಕೈಕಾಲು ಎಲ್ಲಿವೆ ಎಂಬುದನ್ನು ಕಣ್ಣಿನ ಸಹಾಯವಿಲ್ಲದೆ ಮಿದುಳು ಹೇಗೆ ತಿಳಿಯುತ್ತದೆ, ಆ ಸುದ್ದಿ ಬೆನ್ನುಹುರಿಯ ಹಿಂಭಾಗದಲ್ಲಿ ಹೇಗೆ ಏರುತ್ತದೆ ಎಂಬುದು ಅದರಲ್ಲಿತ್ತು. "ಅದಕ್ಕೆ ಅಡ್ಡಗೀಟು ಹಾಕ್ಕೊಳ್ರೋ, ಪರೀಕ್ಷೆಗೆ ಬರಲ್ಲ" ಎಂದು ಪ್ರತಿ ವರ್ಷವೂ ಹೇಳಿ ಮುಂದಿನ ಪುಟಕ್ಕೆ ಹೋಗುತ್ತಿದ್ದಳು.

ಡಾಕ್ಟರಮ್ಮ ಹೊಟ್ಟೆಯ ಮೇಲಿನ ಹಳೆಯ ಗಾಯದ ಗುರುತು ನೋಡಿ ಅದರ ಕಥೆ ಕೇಳಿಕೊಂಡರು. ರಕ್ತ ತೆಗೆಸಿದರು. ವರದಿ ಬಂದದ್ದು ಮಧ್ಯಾಹ್ನಕ್ಕೆ. ಬಿ12 ಜೀವಸತ್ವ ತಳ ಕಂಡಿತ್ತು.

"ಆ ಜೀವಸತ್ವ ಒಳಕ್ಕೆ ಹೋಗಬೇಕಾದ್ರೆ ಜಠರದಿಂದ ಒಂದು ವಸ್ತು ಬರಬೇಕು. ಇವರ ಜಠರವೇ ಮುಕ್ಕಾಲು ಇಲ್ಲ. ಯಕೃತ್ತಿನಲ್ಲಿ ಕೂಡಿಟ್ಟಿದ್ದು ಇಷ್ಟು ವರ್ಷ ನಡೆಸಿದೆ, ಈಗ ಮುಗಿದಿದೆ" ಎಂದರು ಡಾಕ್ಟರಮ್ಮ. "ಅದಿಲ್ಲದಿದ್ರೆ ನರದ ಮೇಲಿನ ಮೈಲಿನ್ ಹಾಳಾಗುತ್ತೆ. ಕಾಲ್ಬೆರಳಿಂದ ಹೊರಟ ಎಳೆ ಕತ್ತಿನ ಮೇಲ್ಗಡೆವರೆಗೂ ಒಂದೇ ಜೀವಕೋಶದ್ದು. ಹೊದಿಕೆ ಹೋದ್ರೆ ಸುದ್ದಿ ದಾರೀಲೇ ಸೋರಿಹೋಗುತ್ತೆ. ಕುಡಿದವರ ಹಾಗೆ ನಡೀತಾರೆ. ಸೂಜಿ ಶುರು ಮಾಡೋಣ. ಆರು ತಿಂಗಳ ಹಿಂದೆ ಬಂದಿದ್ರೆ ಪೂರ್ತಿ ವಾಸಿ ಆಗುತ್ತೆ ಅಂತಿದ್ದೆ. ಈಗ ಆ ಮಾತು ಕೊಡಲಾರೆ. ಇಷ್ಟು ದಿನ ಯಾರಿಗೂ ಹೇಳಲಿಲ್ವಾ?"

"ಹೇಳಿದ್ದೆ" ಎಂದ ಅಣ್ಣ. ಯಾರಿಗೆ ಎನ್ನಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವುದರಲ್ಲಿ ಮಗ್ನನಾಗಿದ್ದ. ಕೈಬೆರಳುಗಳೂ ಗುಂಡಿ ಹುಡುಕಲು ಪರದಾಡುತ್ತಿದ್ದವು. ಹಾಕಿಕೊಡಲೆಂದು ತಂಗಿ ಕೈ ಚಾಚಿದವಳು, ಧೈರ್ಯ ಸಾಲದೆ ಹಿಂದೆಗೆದುಕೊಂಡಳು.

ಹಿಂದಿರುಗುವಾಗ ಆಟೋದಲ್ಲಿ ಅವಳು ಹೊರಗೆ ನೋಡುತ್ತಲೇ ಹೇಳಿದಳು. "ಅಣ್ಣಾ, ಮ್ಯಾನೇಜರ್‌ಗೆ ಹೇಳಿದ್ದು ನಾನೇ."

"ಗೊತ್ತು ಕಣೆ. 'ನಿನ್ನ ಒಡಹುಟ್ಟಿದವಳೇ ಹೇಳಿದ್ಲಪ್ಪ' ಅಂತಲೇ ಅವನು ನನ್ನ ಕಳಿಸಿದ್ದು."

"ಮತ್ತೆ ಯಾಕೆ ಜಗಳ ಆಡಲಿಲ್ಲ? ಒಂದು ತಿಂಗಳಿಂದ ಎದುರಿಗೆ ಕೂತು ಊಟ ಮಾಡಿದೀಯ..."

"ನೀನು ಓದಿದೋಳು. ನೀನು ಹೇಳಿದ ಮೇಲೆ ನನಗೇ ಅನುಮಾನ ಬಂತು" ಎಂದ ಅಣ್ಣ. "ನಿದ್ದೇಲಿ ಎದ್ದು ಹೋಗಿ ಕುಡಿದು ಬರ್ತೀನೇನೋ ಅಂತ. ಒಂದಿನ ಜೇಬೆಲ್ಲ ತಡಕಿ ನೋಡ್ಕೊಂಡೆ."

ತಮಾಷೆಗೆ ಹೇಳುತ್ತಿದ್ದಾನೇನೋ ಎಂದು ಅವಳು ತಿರುಗಿ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳ ಕಿವಿಯ ತುದಿ ಕಾದು ಕೆಂಪಾಯಿತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು.

ಅವನನ್ನು ಮನೆಗೆ ಬಿಟ್ಟು ಅದೇ ಆಟೋದಲ್ಲಿ ಚಿತ್ರಮಂದಿರಕ್ಕೆ ಹೋದಳು. ಆಟದ ನಡುವಿನ ಬಿಡುವು ಅದು. ಮ್ಯಾನೇಜರ್ ಬಾಗಿಲ ಬಳಿ ಇದ್ದ. ಸುತ್ತ ಗೇಟಿನವನು, ಕಸ ಗುಡಿಸುವವಳು, ಟೀ ಕುಡಿಯುತ್ತಿದ್ದ ನಾಲ್ಕಾರು ಪ್ರೇಕ್ಷಕರು. ಒಳಗೆ ಹೋಗಿ ಮಾತಾಡೋಣ ಎಂದು ಅವನು ಕರೆದ. ಅವಳು ಹೋಗಲಿಲ್ಲ.

"ನಮ್ಮಣ್ಣ ಕುಡಿಯಲ್ಲ. ಅವನಿಗೆ ನರದ ಕಾಯಿಲೆ. ನಾನು ಹೇಳಿದ್ದು ಸುಳ್ಳು."

ಮ್ಯಾನೇಜರ್ ತಲೆ ಕೆರೆದುಕೊಂಡ. "ಅವತ್ತೂ ನೀವೇ ಹೇಳಿದ್ದು, ಇವತ್ತೂ ನೀವೇ ಹೇಳ್ತಿರೋದು. ಯಾವುದನ್ನಂತ ನಂಬ್ಲಿ ಟೀಚರಮ್ಮ?"

"ಅವತ್ತು ನನಗೆ ಗೊತ್ತಿರಲಿಲ್ಲ. ಗೊತ್ತಿರೋರ ಥರ ಹೇಳಿದೆ."

ಗುಡಿಸುವವಳು ಪೊರಕೆ ನಿಲ್ಲಿಸಿದಳು. "ಅಯ್ಯೋ ಪಾಪ, ಬ್ಯಾಟರಿ ಅಣ್ಣ ಹೋಗೋವಾಗ ಎಷ್ಟು ಅತ್ತ ಗೊತ್ತಾ ನಿಮಗೆ? ತಂಗಿ ಅಂದ್ರೆ ನೀವೇನಾ?"

"ನಾನೇ" ಎಂದಳು. ಎಲ್ಲರೂ ಅವಳನ್ನು ನೋಡಿದರು. ಬಿಡುವು ಮುಗಿದ ಬೆಲ್ ಹೊಡೆಯಿತು. ಆದರೂ ಟೀ ಲೋಟ ಹಿಡಿದವರು ಕೂಡಲೇ ಒಳಗೆ ಹೋಗಲಿಲ್ಲ.

"ಕತ್ತಲೆ ಕೆಲಸಕ್ಕೆ ಇನ್ನು ಅವನನ್ನ ತಗೊಳ್ಳೋಕಾಗಲ್ಲ, ಬೇರೆಯವನು ಬಂದಾಯ್ತು" ಎಂದ ಮ್ಯಾನೇಜರ್ ಕೊನೆಗೆ. "ಟಿಕೆಟ್ ಕಿಟಕೀಲಿ ಕೂರ್ತಾನಾ ಕೇಳಿ. ಅಲ್ಲಿ ದೀಪ ಇದೆ."

ಅಣ್ಣ ಮುಂದಿನ ಸೋಮವಾರದಿಂದ ಟಿಕೆಟ್ ಕಿಟಕಿಯಲ್ಲಿ ಕೂತ. ಸೂಜಿ ಚುಚ್ಚಿಸಿಕೊಳ್ಳುತ್ತ ಹೋದಂತೆ ಕೈಯ ಜೋಮು ಇಳಿಯಿತು, ಗುಂಡಿ ಹಾಕಿಕೊಳ್ಳಲು ಬಂತು. ಪಾದದ್ದು ಪೂರ್ತಿ ಇಳಿಯಲಿಲ್ಲ.