ಅಮಾನಿಕೆರೆಯ ಮೂರು ಸುತ್ತು

ನಾಗೇಶ್ ಅವರ ಫೋನ್ ಬಂದಾಗ ಮಧುಶ್ರೀ ಮಗಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು. ಗಂಡ ಉದಯಕುಮಾರ್ ಜೊತೆ ದಿನಾ ಬೆಳಿಗ್ಗೆ ವಾಕಿಂಗ್ ಹೋಗುವವರು ಅವರು. "ಮೇಡಂ, ಉದಯ್‌ಗೆ ಕೆರೆ ಹತ್ರ ಎದೆ ನೋವು ಬಂತು. ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಾ ಇದೀನಿ, ಬನ್ನಿ" ಎಂದರು. ಅವಳು ಡಬ್ಬಿಯ ಮುಚ್ಚಳ ಹುಡುಕಿ, ಗಟ್ಟಿಯಾಗಿ ಒತ್ತಿ ಮುಚ್ಚಿ, ಮಗಳು ಪೂಜಾಳ ಬ್ಯಾಗಿನಲ್ಲಿಟ್ಟಳು. ಆಮೇಲೆ ಪರ್ಸ್ ಹಿಡಿದು ಆಸ್ಪತ್ರೆಗೆ ಹೊರಟಳು.

ಯಾರಿಗೆ ಬೇಕಾದರೂ ಆಗಬಹುದಿತ್ತು, ಉದಯಕುಮಾರ್‌ಗೆ ಆಗುವ ಹಾಗಿರಲಿಲ್ಲ. ಅವನಿಗೆ ನಲವತ್ತೊಂಬತ್ತು. ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಹನ್ನೊಂದು ವರ್ಷದ ಹಿಂದೆ ತಂದೆ ಹೃದಯಾಘಾತದಿಂದ ತೀರಿಕೊಂಡ ತಿಂಗಳಲ್ಲೇ ಸಿಗರೇಟು ಬಿಟ್ಟು ಶೂ ಕೊಂಡಿದ್ದ. ಅಂದಿನಿಂದ ಬೆಳಿಗ್ಗೆ ಐದಕ್ಕೆ ಅಮಾನಿಕೆರೆಗೆ ಮೂರು ಸುತ್ತು, ಬಳಿಕ ಅಲ್ಲೇ ಪಾರ್ಕಿನಲ್ಲಿ ಇಪ್ಪತ್ತು ನಿಮಿಷ ವ್ಯಾಯಾಮ. ಯುಗಾದಿಯ ದಿನವೂ ತಪ್ಪಿಸಿದವನಲ್ಲ. ಮದುವೆ ಮನೆಗಳಲ್ಲಿ ನೆಂಟರನ್ನು ಹಿಡಿದು ನಿಲ್ಲಿಸಿ, ಬೆಳಗಿನ ನಡಿಗೆಯಿಂದ ನಿದ್ದೆ ಚೆನ್ನಾಗಿ ಬರುತ್ತದೆ, ಬಿ.ಪಿ. ಹತೋಟಿಯಲ್ಲಿರುತ್ತದೆ, ದಿನವಿಡೀ ಸಿಟ್ಟೇ ಬರುವುದಿಲ್ಲ ಎಂದೆಲ್ಲ ಹೇಳುತ್ತಿದ್ದ. ಅವನ ಚಪ್ಪಟೆ ಹೊಟ್ಟೆ ನೋಡಿ ಅವರೂ ನಂಬುತ್ತಿದ್ದರು.

ಮಧುಶ್ರೀ ಗುಬ್ಬಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಎಂಟೂಕಾಲರ ಬಸ್ಸಿಗೆ ನಾಲ್ಕೂ ಮುಕ್ಕಾಲಿಗೇ ಏಳಬೇಕು. ನೀರು ಹಿಡಿಯುವುದು, ತಿಂಡಿ, ಮೂರು ಡಬ್ಬಿ, ಪಾತ್ರೆ, ಬಟ್ಟೆ. ಆರೂವರೆಗೆ ಗಂಡ ಬೆವರಿಳಿಸಿಕೊಂಡು ಖುಷಿಯಾಗಿ ಬಂದು, ಹೊರಗೆ ಎಷ್ಟು ತಂಪಾಗಿದೆ ಗೊತ್ತಾ, ನೀನೂ ಒಂದಿನ ಬಾ ಅನ್ನುತ್ತಿದ್ದ. ಅವಳು ನಕ್ಕು ಕಾಫಿ ಕೊಡುತ್ತಿದ್ದಳು.

ಆಸ್ಪತ್ರೆ ತಲುಪುವಷ್ಟರಲ್ಲಿ ಅವನನ್ನು ಒಳಗೆ ಕರೆದೊಯ್ದಾಗಿತ್ತು. ರಕ್ತನಾಳದಲ್ಲಿ ಬ್ಲಾಕ್ ಇದೆ, ಈಗಲೇ ಸ್ಟೆಂಟ್ ಹಾಕಬೇಕು ಎಂದು ಸಹಿ ಮಾಡಿಸಿಕೊಂಡರು. ಆ ಹಾಳೆಯಲ್ಲಿ ಅವಳ ಸಹಿ ಅವಳದ್ದೇ ಅಲ್ಲ ಅನ್ನುವ ಹಾಗೆ ಬಂತು. ನಾಗೇಶ್ ಪಕ್ಕದಲ್ಲೇ ಕೂತಿದ್ದರು. ಎರಡನೇ ಸುತ್ತಿನಲ್ಲಿ ಮಾತಾಡುತ್ತಿದ್ದವನು ನಡುವೆ ನಿಲ್ಲಿಸಿ ಬೆಂಚು ಹಿಡಿದುಕೊಂಡನಂತೆ. ಅದನ್ನೇ ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ನಾಳೆಯಿಂದ ನಾನೂ ಹೋಗಲ್ಲ ಎಂದರು.

ಮಧ್ಯಾಹ್ನದ ಹೊತ್ತಿಗೆ ಕುಣಿಗಲ್‌ನಿಂದ ಉದಯಕುಮಾರನ ಅಕ್ಕ ಹೊಂಬಾಳಮ್ಮ ಬಂದರು. ಅತ್ತು ಸುಧಾರಿಸಿಕೊಂಡ ಮೇಲೆ ಅವರೆಂದರು: "ಬೆಳಗಾಗೆದ್ದು ಕುದುರೆ ಓಡ್ದಂಗೆ ಓಡ್ತಿದ್ರೆ ಎದೆ ತಡೀತದಾ? ನಮ್ಮನೆಯವ್ರು ಜಗಲಿ ಬಿಟ್ಟು ಇಳ್ದೋರಲ್ಲ. ಅರವತ್ತೆಂಟಾಯ್ತು, ಗಟ್ಟಿಯಾಗವ್ರೆ. ಸಾಕು ಬುಡು, ಇನ್ಮೇಲೆ ಕಳಿಸ್ಬೇಡ."

ಮಧುಶ್ರೀಗೆ ಅದು ಸರಿ ಅನ್ನಿಸಿತು. ಹನ್ನೊಂದು ವರ್ಷ ಇವನು ಆ ಕೆರೆಗೆ ಸುರಿದ ಬೆಳಗುಗಳಿಗೆ ಸಿಕ್ಕಿದ್ದು ಇದೇನಾ ಎಂದು ಒಳಗೊಳಗೇ ಕುದಿಯಿತು.

ಮಾರನೆಯ ದಿನ ಹೃದಯದ ಡಾಕ್ಟರ್ ಅವಳನ್ನು ಕರೆದು ಪರದೆಯ ಮೇಲೆ ಗಂಡನ ರಕ್ತನಾಳಗಳ ಚಿತ್ರ ತೋರಿಸಿದರು. ಡಾಕ್ಟರ್ ಅವಳಿಗಿಂತ ಚಿಕ್ಕ ವಯಸ್ಸಿನ ಹೆಂಗಸು. ಒಂದು ದೊಡ್ಡ ನಾಳ ಬಹಳ ಕಾಲದಿಂದ ಕಿರಿದಾಗುತ್ತಾ ಬಂದಿತ್ತು, ನಿನ್ನೆ ಪೂರ್ತಿ ಮುಚ್ಚಿತು. ಆದರೆ ಅದರ ಅಕ್ಕಪಕ್ಕ ಕೂದಲೆಳೆಯಂಥ ಸಣ್ಣ ನಾಳಗಳು ಬೆಳೆದು, ಅಷ್ಟಿಷ್ಟು ರಕ್ತವನ್ನು ಆಚೆ ಮುಟ್ಟಿಸುತ್ತಿದ್ದವು.

"ಇದು ತಂದೆ ಕಡೆಯಿಂದ ಬಂದ ಕಾಯಿಲೆ, ನಡೆದಿದ್ದಕ್ಕೆ ಬಂದಿದ್ದಲ್ಲ" ಎಂದರು ಡಾಕ್ಟರ್. "ದಿನಾ ನಡೀದೇ ಇದ್ದಿದ್ರೆ ಬಹುಶಃ ಇನ್ನೂ ಬೇಗ ಬರ್ತಿತ್ತು. ಈ ಸಣ್ಣ ನಾಳಗಳು ಬೆಳೆಯೋಕೂ ನಡಿಗೆ ಸಹಾಯ ಮಾಡಿರಬಹುದು. ಇಲ್ಲೀವರೆಗೂ ಬಂದು ತಲುಪೋದೂ ಕಷ್ಟ ಇತ್ತು."

ಅವಳು ಆ ಎಳೆಗಳನ್ನೇ ನೋಡುತ್ತಾ ನಿಂತಳು.

ಮೂರನೆಯ ದಿನ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಅವಳಿಗೇ ಕಣ್ಣು ಕತ್ತಲಿಟ್ಟಿತು. ನಿದ್ದೆಯಿಲ್ಲ, ಊಟವಿಲ್ಲ, ಅದಕ್ಕೇ ಇರಬೇಕು ಎಂದುಕೊಂಡಳು. ನರ್ಸ್ ಬೆರಳು ಚುಚ್ಚಿ ನೋಡಿ, ಮಿಷನ್ ಒರೆಸಿ ಮತ್ತೊಂದು ಬೆರಳು ಚುಚ್ಚಿದಳು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಮುನ್ನೂರ ಎಪ್ಪತ್ತೆರಡು. ರಕ್ತಪರೀಕ್ಷೆಯ ವರದಿ ಬಂದಾಗ, ಸಕ್ಕರೆ ಕಾಯಿಲೆ ಎರಡು ಮೂರು ವರ್ಷದಿಂದಲೇ ಇದ್ದಿರಬೇಕು ಎಂದರು ಅದೇ ಡಾಕ್ಟರ್.

"ನಾನು ಒಂದು ನಿಮಿಷ ಕೂರೋಳಲ್ಲ" ಎಂದಳು ಮಧುಶ್ರೀ. ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು. "ಬೆಳಿಗ್ಗೆಯಿಂದ ರಾತ್ರಿವರೆಗೂ ಕಾಲ ಮೇಲೇ ಇರ್ತೀನಿ."

ಡಾಕ್ಟರ್ ವಾದಿಸಲಿಲ್ಲ. "ಕೈಯಲ್ಲಿ ಏನೂ ಹಿಡ್ಕೊಳ್ಳದೆ, ಅರ್ಧ ಗಂಟೆ ಸುಮ್ನೆ ನಡೆದು ಎಷ್ಟು ದಿನ ಆಯ್ತು?" ಎಂದಷ್ಟೇ ಕೇಳಿದರು.

ಅವಳು ಯೋಚಿಸಿದಳು. ಪೂಜಾಳಿಗೆ ಹದಿನೇಳು. ಮಗಳು ಹುಟ್ಟಿದ ಮೇಲೆ ಅಂಥ ಅರ್ಧ ಗಂಟೆ ಒಂದೂ ನೆನಪಾಗಲಿಲ್ಲ.

ಮನೆಗೆ ಬಂದು ವಾರ ಕಳೆದಿತ್ತು. ಡಾಕ್ಟರ್ ಹೇಳಿದಂತೆ ಉದಯಕುಮಾರ್ ಅಂಗಳದಲ್ಲಿ ಹತ್ತು ನಿಮಿಷ ನಿಧಾನವಾಗಿ ಅಡ್ಡಾಡಿ ಒಳಗೆ ಬಂದ. ನಿನಗೂ ಎಷ್ಟು ಸಲ ಹೇಳಿದ್ದೆ, ನೀನು ಕೇಳಲಿಲ್ಲ ಎಂದು ಬೇಸರದಿಂದ ಅಂದ. ಮಧುಶ್ರೀ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ನೀವು ಕರೆದ್ರಿ, ನಿಜ. ನಾನು ಬಂದಿದ್ರೆ ಒಲೆ ಮುಂದೆ ಯಾರು ನಿಲ್ತಿದ್ರು ರೀ? ಹನ್ನೊಂದು ವರ್ಷದಲ್ಲಿ ಒಂದಿನ ಅದನ್ನ ಕೇಳಿದ್ರಾ?"

ಸಿಟ್ಟಿನಿಂದಲ್ಲ, ಹಾಜರಿ ಕರೆಯುವ ದನಿಯಲ್ಲಿ ಅಂದಿದ್ದಳು. ಆಸ್ಪತ್ರೆಯ ಹಾಸಿಗೆಯಲ್ಲೂ ಅವನ ಮುಖ ಹಾಗೆ ಬಿಳಿಚಿರಲಿಲ್ಲ ಎಂದು ಆಮೇಲೆ ಪೂಜಾ ಹೇಳಿದಳು. ಅದಾದ ಮೂರನೆಯ ಬೆಳಿಗ್ಗೆ ಮಧುಶ್ರೀ ಎದ್ದಾಗ ಅಡುಗೆಮನೆಯಲ್ಲಿ ದೀಪ ಹತ್ತಿತ್ತು. ಪೂಜಾ ಈರುಳ್ಳಿ ಹೆಚ್ಚುತ್ತಿದ್ದಳು, ಅವನು ಕುರ್ಚಿಯಲ್ಲಿ ಕೂತು ರವೆ ಆರಿಸುತ್ತಿದ್ದ.

"ನಂದು ಸಾಯಂಕಾಲ ನಡೆದ್ರೂ ನಡೆಯುತ್ತೆ. ನೀನು ಹೋಗಿ ಬಾ ಮಧು" ಎಂದ.

ಮೊದಲ ದಿನ ಅವಳಿಗೆ ಅರ್ಧ ಸುತ್ತೂ ಆಗಲಿಲ್ಲ. ತನಗಿಂತ ಹದಿನೈದು ವರ್ಷ ದೊಡ್ಡ ಹೆಂಗಸರು ಮಾತಾಡುತ್ತಲೇ ದಾಟಿ ಹೋದರು. ಮಂಡಿ ಉರಿಯಿತು, ಉಸಿರು ಸಿಗಲಿಲ್ಲ. ಬೆಂಚಿನ ಮೇಲೆ ಕೂತಾಗ, ಗಂಡ ಹಿಡಿದುಕೊಂಡದ್ದು ಇದೇ ಬೆಂಚು ಇರಬಹುದು ಅನ್ನಿಸಿ ದಡಕ್ಕನೆ ಎದ್ದಳು. ಕೈ ಖಾಲಿ ಇತ್ತು. ಅದನ್ನು ಎಲ್ಲಿಡಬೇಕೆಂದೇ ತಿಳಿಯದೆ ಸೆರಗಿನ ತುದಿ ಹಿಡಿದು ನಡೆದಳು.

ಒಂದು ತಿಂಗಳಿಗೆ ಒಂದು ಸುತ್ತಾಯಿತು. ನಾಲ್ಕನೇ ತಿಂಗಳಿಗೆ ಮೂರು. ಮಾತ್ರೆ, ಪಥ್ಯ, ನಡಿಗೆ ಎಲ್ಲ ಸೇರಿ ಸಕ್ಕರೆ ನೂರ ಇಪ್ಪತ್ತೆಂಟಕ್ಕೆ ಇಳಿದಾಗ ಡಾಕ್ಟರ್ ಒಂದು ಮಾತ್ರೆ ಕಡಿಮೆ ಮಾಡಿದರು. ಮಧ್ಯಾಹ್ನದ ತರಗತಿಯಲ್ಲಿ ಕಣ್ಣೆಳೆಯುವುದು ನಿಂತಿತು. ಇಷ್ಟು ವರ್ಷ ವಯಸ್ಸಿನದು ಅಂದುಕೊಂಡಿದ್ದ ಆಯಾಸ ವಯಸ್ಸಿನದಾಗಿರಲಿಲ್ಲ ಅನ್ನುವುದೇ ಅವಳಿಗೆ ದೊಡ್ಡ ಆಘಾತವಾಯಿತು. ನಾಗೇಶ್ ಕೂಡ ಎರಡು ತಿಂಗಳು ಬಿಟ್ಟು ಮತ್ತೆ ಬರತೊಡಗಿದ್ದರು. ಹೊಂಬಾಳಮ್ಮ ಮಾತ್ರ ನಡಿಗೆಯನ್ನು ಈಗಲೂ ನಂಬಿಲ್ಲ.

ಬೆಳಗಿನ ತಿಂಡಿ ಮಾಡುವ ಕೆಲಸ ಈಗ ಉದಯಕುಮಾರನದ್ದೇ. ಸಂಜೆ ಫ್ಯಾಕ್ಟರಿಯಿಂದ ಬಂದು ಶೂ ಹಾಕಿ ಹೊರಡುತ್ತಾನೆ. ಐವತ್ತು ನಿಮಿಷಕ್ಕೆ ವಾಪಸ್ ಬರುತ್ತಾನೆ. ತಡವಾದ ದಿನ, ಐವತ್ತೊಂದನೆಯ ನಿಮಿಷದಿಂದ ಗೇಟಿನ ಸದ್ದು ಕೇಳುವವರೆಗೆ ಮಧುಶ್ರೀಗೆ ಎದುರಿನ ಪುಸ್ತಕದಲ್ಲಿ ಒಂದು ಸಾಲೂ ತಲೆಗೆ ಹತ್ತುವುದಿಲ್ಲ.